ಗಣಿಗೆ ಬಿದ್ದ ಊರು

ನವೆಂಬರ್ ೧೪, ಶುಕ್ರವಾರ

ಇವತ್ತು ಊರು ಮತ್ತೆ ಗುಂಡಿಗೆ ಬಿತ್ತು.

ಕಂಪ್ಯೂಟರಿನ ರೈಲಾಟಕ್ಕೆ ನೆಲದ ಏರುತಗ್ಗು ತೋರಿಸುವ ಉಪಗ್ರಹದ ಹೊಸ ನಕ್ಷೆ ಹಾಕಿದ್ದೇ ತಪ್ಪಾಯಿತು. ಕಲ್ಲಿದ್ದಲಿಗಾಗಿ ಅಗೆಯುವ ಮೊದಲು ಅಲ್ಲೊಂದು ಊರಿತ್ತೆಂದು ಆ ಹಾಳು ನಕ್ಷೆಗೇನು ಗೊತ್ತು? ಆಟದಲ್ಲಿ ನಾನು ಒಂದೊಂದಾಗಿ ಕಟ್ಟಿದ ಸ್ಟೇಷನ್ನು, ಬೇಕರಿ, ಲಿಂಡನ್ ಮರಗಳ ಸಾಲು, ಎಲ್ಲ ಗಣಿಯ ತಳಕ್ಕೆ ಹೋದವು. ಕಾಟ್‌ಬುಸ್ ಪಟ್ಟಣದ ಕಡೆಗೆ ಹೋಗುವ ಹಳಿ ಮಾತ್ರ ಗಾಳಿಯಲ್ಲಿ ನೇತಾಡುತ್ತಿದೆ.

ಅಜ್ಜಿಗೆ ತೋರಿಸಬಾರದಿತ್ತು. ಆ ಊರಲ್ಲಿ ಬಾಳಿದವರಲ್ಲಿ ನಮಗುಳಿದವಳು ಅವಳೊಬ್ಬಳೇ, ಅವಳ ನೆನಪೂ ಕರಗುತ್ತಿದೆ. ಅದಕ್ಕೇ ನನಗೆ ಊರನ್ನು ಕಟ್ಟಿ ಮುಗಿಸುವ ಈ ಅವಸರ. ಏನು ತೋರಿಸಿದರೂ ಒಂದೇ ಮಾತು: "ಇದ್ಯಾವೂರೇ ಲೆಂಕಾ? ನಮ್ಮೂರಲ್ಲ ಬಿಡು." ಬೇಕರಿ ಹತ್ರ ಸೈಕಲ್ ಇಳಿದು ತಳ್ಳಬೇಕಿತ್ತು ಅಂದಳು. ಅಲ್ಲೊಂದು ಏರು ಮಾಡಿದೆ. ಆಗಲೂ ಅಲ್ಲವಂತೆ.

ಇವತ್ತು ಪರದೆ ಆರಿಸಲು ಹೋದರೆ ಗಟ್ಟಿಯಾಗಿ ನನ್ನ ಕೈ ಹಿಡಿದಳು. ಆ ಬೂದು ಹಳ್ಳವನ್ನೇ ಕಣ್ಣರಳಿಸಿ ನೋಡಿದಳು.

"ಹ್ಞಾಂ, ಈಗ ಸರಿಹೋಯ್ತು ನೋಡು. ಇದೇ ನಮ್ಮೂರು."

ನೆಲವನ್ನು ಮತ್ತೆ ಮೇಲೆತ್ತೋಣವೆಂದು ಕೂತಿದ್ದೇನೆ, ಕೈಯೇ ಏಳುತ್ತಿಲ್ಲ. ಹೀಗೇ ಉಳಿಸಬೇಕೇ ಎಂದು ಕಂಪ್ಯೂಟರ್ ಕೇಳುತ್ತಲೇ ಇದೆ. ನಾನು ಇನ್ನೂ ಯಾವ ಗುಂಡಿಯನ್ನೂ ಒತ್ತಿಲ್ಲ.