ಹನ್ನೆರಡಕ್ಕೆ ಹನ್ನೆರಡು

ದೊಡ್ಡೇರಿ
12-8-1979

ನನ್ನ ಪ್ರೀತಿಯ ತಮ್ಮ ಪಾಲಣ್ಣನಿಗೆ ಅಕ್ಕ ಜಯಕ್ಕ ಮಾಡುವ ಆಶೀರ್ವಾದ.

ಹೇಗಿದ್ದೀಯಪ್ಪ? ಸಿರಾದ ದೂಳಿಗೆ ಕಣ್ಣಲ್ಲಿ ಮತ್ತೆ ನೀರು ಸುರಿಯುತ್ತಿದೆಯೋ ಏನೋ, ಮುಲಾಮು ಮುಗಿದಿದ್ದರೆ ಹೇಳಿ ಕಳಿಸು. ತಂಗಿ ಕೆಂಪಕ್ಕ ಹೊತ್ತಿಗೆ ಸರಿಯಾಗಿ ಮುದ್ದೆ ಹಾಕುತ್ತಾಳೆಂದು ನನಗೆ ಗೊತ್ತು. ಆದರೆ ಅವಳ ಸಾರಿಗೆ ಖಾರ ಹೆಚ್ಚು, ಸಂಕೋಚ ಬಿಟ್ಟು ಹೇಳು. ಇಲ್ಲಿ ನಾವು ಆರಾಮ. ಕರಿಮೇಕೆ ಎರಡು ಮರಿ ಹಾಕಿತು, ಒಂದು ಹೋಯಿತು.

ಈ ಕಾಗದವನ್ನು ನಿನಗೆ ಓದಿ ಹೇಳುವವರು ಕೆಂಪಕ್ಕನ ಪಕ್ಕದ ಮನೆಯ ದೊಡ್ಡಹನುಮಯ್ಯ ಮೇಷ್ಟ್ರು. ನನ್ನ ಹುಳುಕು ಅವರ ಬಾಯಿಂದ ನಿನ್ನ ಕಿವಿಗೆ ಬೀಳಬೇಕಲ್ಲ ಎಂದು ನಾಚಿಕೆಯಾಗಿ ಎರಡು ಕಾಗದ ಹರಿದುಹಾಕಿದೆ. ಮೇಷ್ಟ್ರೇ, ದಯವಿಟ್ಟು ನನ್ನ ಮಾನ ಉಳಿಸಲು ಹೋಗಿ ಒಂದು ಸಾಲನ್ನೂ ನುಂಗಬೇಡಿ. ನುಂಗಿದವಳು ನಾನೊಬ್ಬಳಿದ್ದೇನೆ, ಸಾಕು.

ಬಾವಿ ತೋಡುವಾಗ ಸಿಡಿಮದ್ದಿಗೆ ನಿನ್ನ ಕಣ್ಣು ಹೋದ ಮೇಲೆ ಎರಡು ವರ್ಷ ನೀನು ಜಗಲಿ ಇಳಿಯಲಿಲ್ಲ. ಕುರಿ ಹಿಂದೆ ಪಾವಗಡದ ತನಕ ನಡೆಯುತ್ತಿದ್ದವನು ಗೋಡೆಗೆ ಒರಗಿ ಕೂತುಬಿಟ್ಟೆ. ಮಧುಗಿರಿ ಆಸ್ಪತ್ರೆಯ ನರ್ಸ್ ಜಗದಾಂಬ, ಇವರ ಕೈಗೆ ಸ್ವಲ್ಪ ಮಣ್ಣು ಕೊಟ್ಟು ನೋಡಿ, ಗಿಡ ಬೆಳೆಸಲಿ, ಮನಸ್ಸಿಗೂ ಔಷಧಿಯಾಗುತ್ತದೆ ಎಂದಾಗ ನಾನು ಮೂಗು ಮುರಿದಿದ್ದೆ. ನೀನು ಮಾತ್ರ ಕತ್ತಾಳೆ ಹಗ್ಗ ಹೊಸೆದು, ಹಿತ್ತಲ ಬಾಗಿಲಿಂದ ಬೇಲಿಯವರೆಗೆ ಸೊಂಟದೆತ್ತರಕ್ಕೆ ಎಳೆದು ಕಟ್ಟಿ, ಎರಡು ಮೊಳಕ್ಕೊಂದು ಗಂಟು ಹಾಕಿದೆ. ಗಂಟಿನ ಕೆಳಗೊಂದು ಗುಳಿ, ಗುಳಿಗೊಂದು ಮುಳ್ಳುಬದನೆ ಸಸಿ. ಒಟ್ಟು ಹನ್ನೆರಡು. ಹಗ್ಗ ಹಿಡಿದು ಹೋಗಿ ನೀರು ಹೊಯ್ದು ಮೊಣಕೈವರೆಗೂ ಕೆಸರು ಮಾಡಿಕೊಂಡು ಬಂದ ದಿನ ನೀನು ಎರಡನೇ ಮುದ್ದೆ ಕೇಳಿದೆ. ನಾನು ಒಲೆಯ ಮುಂದೆ ಕೂತು ಅತ್ತೆ.

ಮೊದಲ ವಾರದಲ್ಲೇ ಎರಡು ಸಸಿ ಸತ್ತವು. ನಿನಗೆ ಹೇಳಲು ಬಾಯಿ ಬರಲಿಲ್ಲ, ಮತ್ತೆ ಜಗಲಿ ಹಿಡಿದುಬಿಟ್ಟರೆ ಎಂಬ ಹೆದರಿಕೆ. ಮಧ್ಯಾಹ್ನ ನೀನು ಅಡ್ಡಾದಾಗ ಸಸಿ ಎಬ್ಬಿಸಿದ್ದ ಮಡಿಯಲ್ಲಿ ಮಿಕ್ಕಿದ್ದವನ್ನು ಕಿತ್ತು ಅಲ್ಲಿ ನೆಟ್ಟೆ. ಆಮೇಲೆ ಇನ್ನೆರಡು. ಮಡಿ ಬರಿದಾದ ಮೇಲೆ ನೆರೆಮನೆ ಕಾಟಮ್ಮನ ಹತ್ತಿರ ಮೂರು ಸಸಿ ಕೇಳಿ ತಂದೆ. ಅವು ಮುಳ್ಳಿಲ್ಲದ ಜಾತಿಯೆಂದು ಎರಡು ಕಣ್ಣಿದ್ದ ನಾನು ನೋಡಲೇ ಇಲ್ಲ. ನೀನು ಬಂದವರಿಗೆಲ್ಲ ಹನ್ನೆರಡಕ್ಕೆ ಹನ್ನೆರಡೂ ಹಿಡಿದವು ಎಂದು ಹೇಳಿಕೊಂಡೆ. ಕಾಟಮ್ಮ ನಿನ್ನದು ದೇವರ ಕೈ ಎಂದು ಹೊಗಳುತ್ತ ನನ್ನತ್ತ ಕಣ್ಣು ಹೊಡೆದಳು. ಆಗ ನಾನೇನು ಮಾಡಿದೆ ಎಂದು ನಿನಗೆ ಗೊತ್ತಿಲ್ಲ ಪಾಲಣ್ಣ. ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆ. ನಿನ್ನೆದುರಿಗೇ, ನಿನಗೆ ಕೇಳಿಸದ ಹಾಗೆ. ಬಾಲವಾಡಿಯಲ್ಲಿ ಕೂಸುಗಳಿಗೆ ಸುಳ್ಳು ಹೇಳಬಾರದೆಂದು ಕಲಿಸುವ ಟೀಚರಮ್ಮ ನಾನು. ನೆನೆದರೆ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು ಅನ್ನಿಸುತ್ತದೆ.

ಆಮೇಲೊಂದು ದಿನ ನೀನು ಎಲೆ ಸವರುತ್ತ ಹೋದವನು ಮೂರು ಕಡೆ ನಿಂತೆ. ಮುಳ್ಳು ಸಿಗಲಿಲ್ಲ. ಕೈ ತೊಳೆದು ಬಂದು, "ಅಕ್ಕ, ಇದ್ರಾಗೆ ನಾನಿಕ್ಕಿದ್ದು ಯಾವ್ಯಾವ್ದು?" ಎಂದೆ. ಎಲ್ಲವೂ ನಿನ್ನವೇ ಎಂದು ನಾನು ಮತ್ತೊಂದು ಸುಳ್ಳು ಹೇಳಿದೆ. ನೀನು ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ. "ಕುರಿ ಕಾಯ್ವಾಗ ಸತ್ ಮರಿನ ಒಂದಿನನಾದ್ರೂ ನಂಗೆ ಮುಚ್ಚಿಟ್ಟಿದ್ಯೇನಕ್ಕ? ಕಣ್ಣು ಹೋತು ಅಂತ ಇದ್ನೂ ಕಿತ್ಕಂಬುಟ್ಟೆ" ಎಂದೆ, ಅಷ್ಟೇ. ಮಾರನೆಯ ದಿನ ಸಿರಾ ಬಸ್ಸು ಹತ್ತಿದೆ. ಅಲ್ಲಿ ದಿನವಿಡೀ ಹಗ್ಗ ಹೊಸೆಯುತ್ತೀಯಂತೆ, ಮಣ್ಣು ಮಾತ್ರ ಮುಟ್ಟುವುದಿಲ್ಲವಂತೆ. ಕೆಂಪಕ್ಕ ಹೇಳಿ ಕಳಿಸಿದ್ದಳು. ನಿನಗೆ ಒಳ್ಳೆಯದಾಗಲೆಂದು ಮಾಡಿದೆ ಎಂದು ಬರೆದು ತಪ್ಪಿಸಿಕೊಳ್ಳಬಹುದಿತ್ತು. ಆದರೆ ನಕ್ಕಿದ್ದು ಯಾರ ಒಳ್ಳೆಯದಕ್ಕೆ?

ಕೆಂಪಕ್ಕನಿಗೂ ಅವಳ ಮನೆಯವರಿಗೂ ನನ್ನ ಆಶೀರ್ವಾದ ತಿಳಿಸು. ಇಷ್ಟುದ್ದ ಓದಿದ ಮೇಷ್ಟ್ರಿಗೆ ನಮಸ್ಕಾರ, ಅವರಿಗೆ ಒಂದು ಲೋಟ ಮಜ್ಜಿಗೆ ಕೊಡಿಸು. ಜುಂಜಪ್ಪಸ್ವಾಮಿ ನಿನ್ನನ್ನು ಕಾಯಲಿ.

ನಿನಗೆ ಮುಖ ತೋರಿಸಲಾರದ ಅಕ್ಕ,
ಜಯಕ್ಕ

ವಿ.ಸೂ.: ನೀನು ಕೇಳಿದ್ದಕ್ಕೆ ಉತ್ತರ ಬರೆಯದೆ ಕಾಗದ ಮಡಿಚುತ್ತಿದ್ದೆ, ಕೈ ಬರಲಿಲ್ಲ. ಬಾಗಿಲ ಕಡೆಯಿಂದ ಎಣಿಸಿಕೋ: ಒಂದು, ನಾಲ್ಕು, ಐದು, ಎಂಟು, ಹನ್ನೆರಡು. ಈ ಐದು ಗಂಟಿನವು ನೀನು ಇಟ್ಟವು, ಮಿಕ್ಕ ಏಳೂ ನನ್ನ ಕಳ್ಳತನದವು. ನಿನ್ನ ಐದರಲ್ಲಿ ನಾಲ್ಕು ಹೂ ಬಿಟ್ಟಿವೆ. ಎಂಟನೆಯದು ಸೋಮವಾರ ಸತ್ತಿತು. ಅಲ್ಲಿ ಬೇರೆ ಸಸಿ ಇಟ್ಟಿಲ್ಲ.