ಮಾದರಿ ಪಾಠ

ಜೂನ್ ೧೨, ಗುರುವಾರ

ಕಾಯಂ ಕೆಲಸ ಕೈತಪ್ಪಿದ ಹಾಗೇ. ಬೇಸರವಾಗಬೇಕಿತ್ತು, ಆಗುತ್ತಿಲ್ಲ.

ಪಾಠವೇ ನಮ್ಮ ಉಸಿರು ಎಂದು ಜಾಹೀರಾತಿನಲ್ಲಿ ಕೊಚ್ಚಿಕೊಂಡಿದ್ದ ಕಾಲೇಜು. ಸಂದರ್ಶನದಲ್ಲಿ ಮೊದಲ ಪ್ರಶ್ನೆ, "ಎಷ್ಟು ಸಂಶೋಧನಾ ಲೇಖನ ಬರ್ದಿದೀರಿ?" ಒಂಬತ್ತು ವರ್ಷದಿಂದ ಅತಿಥಿ ಉಪನ್ಯಾಸಕಿಯಾಗಿ ವಾರಕ್ಕೆ ಇಪ್ಪತ್ತೆರಡು ತರಗತಿ ಎಳೆಯುವವಳು ಬರೆಯುವುದು ಯಾವಾಗ, ನಿದ್ದೆಯಲ್ಲೇ?

ಆಮೇಲೆ ಮಾದರಿ ಪಾಠ. ಆಯ್ಕೆ ಸಮಿತಿಯ ನಾಲ್ವರು ಘನಪಂಡಿತರು ವಿದ್ಯಾರ್ಥಿಗಳಂತೆ ಬೆಂಚುಗಳಲ್ಲಿ ಕೂತರು. ಒಬ್ಬರು ಆಕಳಿಸಿದರು, ಇನ್ನೊಬ್ಬರು ಪೆನ್ನಿನಿಂದ ಕಿವಿ ಕೆರೆದುಕೊಂಡರು. ನಾನು ಬೋರ್ಡಿನ ಮೇಲೆ ಸಮೀಕರಣ ಬರೆಯುತ್ತಿದ್ದಾಗ ಹಿಂದಿನಿಂದ ಮೊಬೈಲಿನ ಸದ್ದು, ಜೊತೆಗೊಂದು ಕಿಸಕ್ ನಗು. ತಿರುಗದೆಯೇ ಅಭ್ಯಾಸಬಲದಿಂದ ಗದರಿಬಿಟ್ಟೆ.

"ಏಯ್ ಲಾಸ್ಟ್ ಬೆಂಚ್, ಫೋನ್ ಒಳಗಿಡೋ!"

ತಿರುಗಿದರೆ, ಸಮಿತಿಯಲ್ಲಿದ್ದ ಆ ಕಾಲೇಜಿನ ಪ್ರಾಂಶುಪಾಲರು! ಫೋನನ್ನು ಜೇಬಿಗೆ ತುರುಕಿ, ಕೈಕಟ್ಟಿ, ನೆಟ್ಟಗೆ ಕೂತಿದ್ದರು. ಅವರ ಮುಖ ಕೆಂಪಾದದ್ದು ಆಮೇಲೆ, ತಾವು ಯಾರೆಂದು ನೆನಪಾದಾಗ.

ಸಂಜೆ ಅಮ್ಮ ಕೇಳಿದಳು, "ಕೆಲಸ ಸಿಗತ್ತೇನೇ?"

"ಇಲ್ಲಮ್ಮ."

"ಮತ್ಯಾಕೆ ಹಾಗೆ ನಗ್ತಿದೀಯ?"

ನಾಳೆ ಒಂಬತ್ತಕ್ಕೆ ಹಳೆಯ ಕಾಲೇಜಿನಲ್ಲೇ ತರಗತಿ. ಅಲ್ಲಿ ನನ್ನ ಹಿಂದಿನ ಬೆಂಚಿನ ಹುಡುಗರು ಹೀಗೆ ಒಂದೇ ಗದರಿಕೆಗೆ ಮುದುರಿಕೊಳ್ಳುವುದಿಲ್ಲ. "ನಾನಲ್ಲ ಮೇಡಂ" ಎಂದು ಎದ್ದು ನಿಂತು ಸುಳ್ಳನ್ನಾದರೂ ಹೇಳುತ್ತಾರೆ.