ಎಡಗಾಲಿನ ಬೆಟ್ಟಗಳು

ಮಾರ್ಚ್ 4, ಬುಧವಾರ, ಬೆಳಿಗ್ಗೆ

ದೋಣಿ ತೊಳೆದೆ. ಗಾಳಿ ಜೋರು. ಕೌನಕಾಕೈ ಬಂದರಿನಿಂದ ಯಾರೂ ಹೊರಟಿಲ್ಲ. ತಿಂಡಿಗೆ ಕೆಸುವಿನ ಗೆಡ್ಡೆ ಬೇಯಿಸಿ ಅರೆದ ನಿನ್ನೆಯ ಪೋಯಿ, ಒಣಮೀನು. ಸಂಜೆ ಹಚ್ಚೆ ಹಾಕುವ ಕಮಾಲು ಮನೆಗೆ ಹೋಗಬೇಕು, ನನ್ನ ಹಚ್ಚೆಯ ವಿಷಯ ಮಾತಾಡಲು. ಮೆಷೀನಿನದಲ್ಲ. ಮೂಳೆಯ ಹಲ್ಲನ್ನು ಕೋಲಿನಿಂದ ತಟ್ಟಿ ತಟ್ಟಿ ಹುಯ್ಯುವ ಹಳೆಯ ಕ್ರಮದ್ದು. ಎಡಗಾಲು, ತೊಡೆಯಿಂದ ಹಿಮ್ಮಡಿಯವರೆಗೆ. ಏನು ಬೇಕೆಂದು ಗೊತ್ತೇ ಇದೆ – ಶಾರ್ಕ್ ಹಲ್ಲು, ಸಾಲು ಸಾಲು. ನಮ್ಮದು ಶಾರ್ಕನ್ನು ಕುಲದೇವರೆಂದು ಕಾಯುವ ಮನೆತನ. ಅಪ್ಪ ಸಾಯುವವರೆಗೂ ಹೇಳುತ್ತಿದ್ದ. ಬಂದರಿನಲ್ಲಿ ನನ್ನ ಹೆಸರು ಹಿಡಿದು ಕಾಹಿಕಿನಾ ಎಂದರೆ ಯಾರಿಗೂ ತಿಳಿಯದು. ‘ಶಾರ್ಕ್’ ಎಂದರೆ ಮಕ್ಕಳೂ ನಮ್ಮ ಮನೆ ತೋರಿಸುತ್ತವೆ.

ಹೆಂಡತಿ ಮೋಕಿಹಾನಾಗೆ ನಗು. “ಇಂಜೆಕ್ಷನ್ ಅಂದ್ರೆ ಕಣ್ಣು ಮುಚ್ಕೊಳ್ಳೋ ಗಂಡ್ಸು ನೀನು. ಹಚ್ಚೆ ಅಂತೆ!”

ಅದೇ ದಿನ, ಸಂಜೆ

ಹಾಳೆಯ ಮೇಲೆ ಚಿತ್ರ ಬರೆದು ಒಯ್ದಿದ್ದೆ. ಕಮಾಲು ಸರಿಯಾಗಿ ನೋಡಲೂ ಇಲ್ಲ. ಮಡಿಚಿ ವಾಪಸ್ ಕೊಟ್ಟ.

“ಅಂಕಲ್, ಇದು ನೀವು ಆರಿಸೋದಲ್ಲ. ನಿಮ್ಮ ಹಿರಿಯರು ಯಾರು, ಎಲ್ಲಿಯವರು, ಹೇಳಿ. ಕೇಳ್ಕೊಂಡು ನಾನು ಹಾಕ್ತೀನಿ.”

ಅಪ್ಪನ ಹೆಸರು ಹೇಳಿದೆ. ಅಜ್ಜನ ಹೆಸರು ಹೇಳಿದೆ. ಮುಂದೆ… ಬರಲಿಲ್ಲ.

“ಗೊತ್ತಿರೋರು ಯಾರಾದ್ರೂ ಇದಾರಾ?”

ಹಲೋಲಾ ಆಂಟಿ. ಅಪ್ಪನ ತಂಗಿ. ವಯಸ್ಸು ಎಂಬತ್ತೆಂಟು, ನಾಲಿಗೆಗೆ ಮಾತ್ರ ಹದಿನೆಂಟು.

ಮಾರ್ಚ್ 8, ಭಾನುವಾರ

ಚರ್ಚ್ ಮುಗಿಸಿ ಆಂಟಿಯನ್ನೂ ಮೋಕಿಹಾನಾಳನ್ನೂ ಟ್ರಕ್ಕಿನಲ್ಲಿ ಕೂರಿಸಿಕೊಂಡು ಕಮಾಲು ಮನೆಗೆ ಹೋದೆವು. ಆಂಟಿ ಕಣ್ಣು ಮುಚ್ಚಿದಳು. ಹೆಸರುಗಳು ಹಾಡಿನಂತೆ ಹರಿದವು, ನಾನು ಕೇಳಿಯೇ ಇರದ ಹೆಸರುಗಳು. ಎಲ್ಲರೂ ಹಾಲಾವಾ ಕಣಿವೆಯವರು. ಕೆಸುವಿನ ಗದ್ದೆಯವರು.

“ಶಾರ್ಕ್?” ಅಂದೆ.

“ಯಾವ ಶಾರ್ಕು?”

“ನಮ್ಮ ಮನೆತನದ್ದು. ಅಪ್ಪ ಹೇಳ್ತಿದ್ದನಲ್ಲ…”

“ಅಯ್ಯೋ ಮಗಾ, ಅದು ನಿಮ್ಮಮ್ಮನ್ನ ಒಲಿಸ್ಕೊಳ್ಳೋಕೆ ಕಟ್ಟಿದ ಕಥೆ! ಅವಳು ಹೊನೊಲುಲು ಪೇಟೆ ಹುಡುಗಿ. ಕೆಸರುಗಾಲಿನ ಗಂಡು ಬೇಡ ಅಂದ್ಲು. ಬೆಳಗಾಗೋದ್ರಲ್ಲಿ ಇವನು ಶಾರ್ಕ್ ವಂಶದವನಾದ. ನಿಮ್ಮಜ್ಜನಿಗೆ ಈಜೂ ಬರ್ತಿರ್ಲಿಲ್ಲ!”

ಮೋಕಿಹಾನಾ ಬಿದ್ದು ಬಿದ್ದು ನಕ್ಕಳು. ಕಮಾಲು ನಗಲಿಲ್ಲ.

“ಹೋಗ್ಲಿ, ಹಲ್ಲೇ ಹಾಕು. ಕಾಲು ನಂದು” ಅಂದೆ.

“ಕಾಲು ನಿಮ್ದೇ ಅಂಕಲ್. ಗುರುತು ನಿಮ್ಮ ಮೊಮ್ಮಗಳಿಗೂ ಸೇರುತ್ತೆ. ನಾಳೆ ಅವಳು ಬಂದು, ನಂಗೂ ಅದನ್ನೇ ಹಾಕಿ ಅಂದ್ರೆ?”

ಎದ್ದು ಬಂದೆ. ದಾರಿಯುದ್ದಕ್ಕೂ ಆಂಟಿ ಏನೋ ಗುನುಗುತ್ತಿದ್ದಳು.

ಮಾರ್ಚ್ 9

ಸಮುದ್ರಕ್ಕೆ ಹೋದೆ. ಮೀನಿಲ್ಲ.

ಮಾರ್ಚ್ 27, ಶುಕ್ರವಾರ

ಬರೆಯಲು ಮನಸ್ಸಿರಲಿಲ್ಲ. ಬಂದರಿನಲ್ಲಿ ಯಾರಾದರೂ ‘ಏನ್ ಶಾರ್ಕ್’ ಎಂದರೆ ತಿರುಗಿ ನೋಡಲು ಒಂದು ಗಳಿಗೆ ಹಿಡಿಯುತ್ತದೆ. ಇಡೀ ಆಯುಷ್ಯ ಸಮುದ್ರದ ಮೇಲೆ ಕಳೆದೆ – ಅದೂ ಸುಳ್ಳೇ? ಇವತ್ತು ಹೋಗಿ ಕಮಾಲುವನ್ನೇ ಕೇಳಿದೆ. ಅಂಗಳದಲ್ಲಿ ಕೂತು ಹಚ್ಚೆಯ ಮೂಳೆಹಲ್ಲು ಉಜ್ಜುತ್ತಿದ್ದ.

“ಅದು ನೀವು ಮಾಡಿದ್ದು ಅಂಕಲ್. ಯಾರೂ ಕಿತ್ಕೊಳ್ಳಲ್ಲ. ನಾನು ಹಾಕೋದು ನೀವು ಯಾರಿಂದ ಬಂದ್ರಿ ಅನ್ನೋದನ್ನ.”

“ಕೆಸರಿಂದ” ಅಂದೆ.

“ಮತ್ತೆ ಇಷ್ಟು ವರ್ಷ ತಿಂದ ಪೋಯಿ ಎಲ್ಲಿಂದ ಬಂತು ಅಂದ್ಕೊಂಡ್ರಿ?”

ಈಸ್ಟರ್ ಹಬ್ಬ ಕಳೆದ ಮೇಲೆ ಹಚ್ಚೆಗೆ ಬರುತ್ತೇನೆ ಅಂದೆ.

ಏಪ್ರಿಲ್ 11, ಶನಿವಾರ

ಮಂಡಿಯ ಕೆಳಗಿನ ಹಚ್ಚೆ ಮುಗಿಯಿತು. ಚಾಪೆಯ ಮೇಲೆ ಮಲಗಿಸಿ, ಪ್ರಾರ್ಥನೆ ಹೇಳಿ ಶುರು ಮಾಡಿದ. ಟಕ್ ಟಕ್ ಟಕ್. ಚರ್ಮ ಎಳೆದು ಹಿಡಿಯಲು ಇಬ್ಬರು ಬೇಕು. ಒಂದು ಕಡೆ ಕಮಾಲುವಿನ ತಮ್ಮ, ಇನ್ನೊಂದು ಕಡೆ… ಮೋಕಿಹಾನಾ! ನನಗೆ ಹೇಳದೆ ಇವರ ಮನೆಗೆ ಬಂದು ಕಲಿತಿದ್ದಾಳೆ.

ಗಾಳ ಕೈಗೆ ಚುಚ್ಚಿಕೊಂಡದ್ದೆಲ್ಲ ಇದರ ಮುಂದೆ ಆಟ. ಕಣಕಾಲಿನ ಮೂಳೆಯ ಮೇಲೆ ಬಂದಾಗ ಹಲ್ಲು ಕಚ್ಚಿದೆ. ಅವಳು ಬಗ್ಗಿ, “ಕೂಗು, ಕೂಗು. ಇಲ್ಲಿ ಶಾರ್ಕ್ ಯಾರೂ ಇಲ್ಲ” ಅಂದಳು. ನಗು ತಡೆಯಲಾಗಲಿಲ್ಲ. ಕಾಲು ಅಲುಗಿಸಿದೆನೆಂದು ಮೂವರಿಂದಲೂ ಬೈಸಿಕೊಂಡೆ.

ಮುಗಿದ ಮೇಲೆ ನೋಡಿದೆ. ಮೆಟ್ಟಿಲು ಮೆಟ್ಟಿಲಾಗಿ ಏರುವ ಗದ್ದೆ, ನಡುವೆ ನೀರಿನ ಗೆರೆ. ಮೇಲೆ ತ್ರಿಕೋನಗಳ ಸಾಲು.

“ಹಲ್ಲು ಹಾಕಿದ್ದೀಯಲ್ಲೋ!”

“ಹಲ್ಲಲ್ಲ ಅಂಕಲ್, ಕಣಿವೆ ಬೆಟ್ಟ. ತ್ರಿಕೋನ ಅದೇ. ಯಾರ ಕಾಲು ಅನ್ನೋದ್ರ ಮೇಲೆ ಅರ್ಥ.”

ನೋಡಲು ಬಂದಿದ್ದ ಆಂಟಿ ಮುಟ್ಟಲು ಕೈ ಚಾಚಿದಳು. ಕಮಾಲು ತಡೆದ. ಬಗ್ಗಿ ನೋಡಿದಳು. “ಅಪ್ಪನ ಗದ್ದೆ” ಅಂದಳು.

ಏಪ್ರಿಲ್ 14

ಕಾಲು ಊದಿದೆ. ವಾಸಿಯಾಗುವವರೆಗೆ ಸಮುದ್ರಕ್ಕೆ ಇಳಿಯಬಾರದು. ಮನೆಯಲ್ಲೇ ಕೂತು ಮೋಕಿಹಾನಾಳ ತಲೆ ತಿನ್ನುತ್ತಿದ್ದೇನೆ – ಇದು ಅವಳ ದೂರು.

ಏಪ್ರಿಲ್ 26, ಭಾನುವಾರ

ತಲೆ ತಿಂದದ್ದು ಸಾಕೆಂದು ಮೋಕಿಹಾನಾ ನನ್ನನ್ನೂ ಆಂಟಿಯನ್ನೂ ಹಾಲಾವಾಗೆ ಅಟ್ಟಿದಳು. ಹಳೆಯ ಗದ್ದೆಯ ಜಾಗ ಇನ್ನೂ ಆಂಟಿಯದೇ. ರಸ್ತೆ ಮುಗಿಯುವಲ್ಲಿ ಕುರ್ಚಿ ಹಾಕಿ ನೆರಳಲ್ಲಿ ಕೂರಿಸಿದೆ. ಊರುಗೋಲಿನಿಂದ ತೋರಿಸಿದಳು – ಆ ಪೊದೆಯ ಹಿಂದೆ. ಕಲ್ಲಿನ ಬದುಗಳು ಕುಸಿದಿವೆ. ಪಕ್ಕದಲ್ಲಿ ಹೊಳೆ ತುಂಬಿ ಹರಿಯುತ್ತಿದೆ. ಸುಮ್ಮನೆ ನೋಡಿ ಬರೋಣವೆಂದು ಹೋದವನು ಒಂದು ಕಲ್ಲು ಎತ್ತಿಟ್ಟೆ. ಮತ್ತೊಂದು.

“ಅಲ್ಲಲ್ಲ, ಅಗಲದ್ದು ಕೆಳಗೆ!” ಕುರ್ಚಿಯಿಂದಲೇ ಮೇಸ್ತ್ರಿಗಿರಿ.

ಹೊತ್ತು ಇಳಿದದ್ದೇ ತಿಳಿಯಲಿಲ್ಲ. ಸೊಂಟ ಹಿಡಿದುಕೊಂಡಿದೆ. ಹಸಿವೋ ಹಸಿವು.

ಜುಲೈ 19, ಭಾನುವಾರ, ಮಧ್ಯಾಹ್ನ

ಗದ್ದೆಯ ಬದಿಯಲ್ಲಿ ಕೂತು ಬರೆಯುತ್ತಿದ್ದೇನೆ. ಹಾಳೆಗೆಲ್ಲ ಕೆಸರಿನ ಬೆರಳು. ವಾರವೆಲ್ಲ ಸಮುದ್ರ, ಭಾನುವಾರ ಇಲ್ಲಿ. ತೊಡೆಯ ಹಚ್ಚೆಯೂ ಮುಗಿದು ಮಾಗಿದೆ. ಇವತ್ತು ಮೊದಲ ಗದ್ದೆಗೆ ನೀರು ಬಿಟ್ಟೆವು. ಒಣ ಎಲೆ ತಳ್ಳಿಕೊಂಡು ಮೆಲ್ಲಗೆ ಬಂತು, ಬದು ಕುಸಿಯದೆ ನಿಂತಿತು. ನೆಡುವ ಕೆಸುವಿನ ದಂಟುಗಳು ಆಂಟಿಯ ಹಿತ್ತಿಲಿನವು. ಮೋಕಿಹಾನಾ ಮೊಮ್ಮಗಳನ್ನು ಸೊಂಟಕ್ಕೇರಿಸಿಕೊಂಡು ಮಂಡಿಯವರೆಗೆ ಕೆಸರಿನಲ್ಲಿ ನಿಂತಿದ್ದಾಳೆ. ಆಂಟಿ ಚಪ್ಪಲಿ ಬಿಚ್ಚುತ್ತಿದ್ದಾಳೆ. ಬೇಡವೆಂದರೆ ಕೇಳುವವಳಲ್ಲ. ಇಳಿದೇ ಬಿಟ್ಟಳು! ನಗುತ್ತಿದ್ದಾಳೆ, ಕಾಲು ಕೀಳಲು ಆಗುತ್ತಿಲ್ಲ. “ಬರೆದಿದ್ದು ಸಾಕು ಬಾರೋ, ಕೈ ಕೊಡೋ” ಎಂದು…